ಕಾಯಬೇಕಾದವರು ನೋಡ್ತಾ ನಿಂತರೆ ಅದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಗೆಳೆಯರೇ, ನಮಸ್ಕಾರ.

ಮೂರು ದಿನದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ. ನಿಮ್ಮ ಸಹಾಯ ಬೇಕು.

ಬೆಸ್ಟ್ ಬೇಕರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 12ರಂದು ಕೊಟ್ಟ ತೀರ್ಪಿನ ಕೆಲವು ಭಾಗಗಳನ್ನು ನಮ್ಮ ಓದುಗರ ಬಳಗಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. 2002ರ ಮಾರ್ಚ್ 1ರ ರಾತ್ರಿ, ಗುಜರಾತ್ ಗಲಭೆಯ ಹೊತ್ತಿನಲ್ಲಿ, ವಡೋದರದಲ್ಲಿ ಒಂದು ಮುಸ್ಲಿಂ ಕುಟುಂಬದ ಬೇಕರಿಗೆ ಗುಂಪೊಂದು ಬೆಂಕಿ ಹಚ್ಚಿತು. 14 ಜನ ಸತ್ತರು. ಮುಂದೆ ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ಬದಲಿಸಿದರು. 2003ರ ಜೂನ್‌ನಲ್ಲಿ ಕೆಳಗಿನ ಕೋರ್ಟ್ 21 ಆರೋಪಿಗಳನ್ನೂ ಬಿಟ್ಟುಬಿಟ್ಟಿತು. ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದು ಮಾಡಿ, ಮಹಾರಾಷ್ಟ್ರದಲ್ಲಿ ಹೊಸದಾಗಿ ವಿಚಾರಣೆ ನಡೆಸಿ ಎಂದಿತು.

ಆ ತೀರ್ಪಿನಲ್ಲಿ ನೀರೋ ಬರುತ್ತಾನೆ, ರೋಮ್ ಉರಿಯುವಾಗ ಪಿಟೀಲು ಬಾರಿಸುತ್ತಿದ್ದ ಅಂತ ಕಥೆಯಿರುವ ಆ ದೊರೆ. ಬೇಕರಿ ಉರಿಯುತ್ತಿದ್ದಾಗ, ಏನೂ ಅರಿಯದ ಮಕ್ಕಳು, ದಿಕ್ಕಿಲ್ಲದ ಹೆಂಗಸರು ಉರಿಯುತ್ತಿದ್ದಾಗ, ಈ ಕಾಲದ ನೀರೋಗಳು ಬೇರೆಲ್ಲೋ ನೋಡುತ್ತಿದ್ದರು ಎಂಬ ಅರ್ಥದ ಮಾತು. ನನಗೆ ತೊಡಕಾಗಿರುವುದು ಈ 'ಬೇರೆಲ್ಲೋ ನೋಡುವುದು'. 'ಮುಖ ತಿರುಗಿಸಿಕೊಂಡರು' ಅಂತ ಮೊದಲು ಬರೆದೆ. ಆದರೆ ನಮ್ಮಲ್ಲಿ ಮುಖ ತಿರುಗಿಸೋದು ಮುನಿಸಿಗೆ, ತಾತ್ಸಾರಕ್ಕೆ. ಹೊಡೆದು ಹಾಕಿದೆ.

ಪೇಪರಿನಲ್ಲಿ ಇಂಥ ಕಡೆ 'ಮೂಕಪ್ರೇಕ್ಷಕ' ಸಿದ್ಧವಾಗಿಯೇ ಇರುತ್ತದೆ. ಆ ಪದವನ್ನು ನಾನು ಬಳಸದೆ ಇರುವುದಕ್ಕೆ ಒಂದು ಕಾರಣ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಲ್ಲಿ ಗಲಾಟೆ ಆಯಿತು. ಬೀದಿ ಮೂಲೆಯ ಚಾಚಾ ಅವರ ಸೈಕಲ್ ಶಾಪ್ ಸುಟ್ಟುಹೋಯಿತು. ಟೈರು, ಟ್ಯೂಬು ಉರಿದ ವಾಸನೆ ಎರಡು ದಿನ ಹೋಗಲಿಲ್ಲ. ಎದುರಿನ ಹೋಟೆಲಿನ ಕಟ್ಟೆ ಮೇಲೆ ಇಬ್ಬರು ಪೊಲೀಸರು ಕೂತಿದ್ದರು, ಲಾಠಿ ಕಂಬಕ್ಕೆ ಒರಗಿಸಿತ್ತು. ದೂರು ಬರೆಸಿಕೊಳ್ಳಲು ಚಾಚಾ ನಮ್ಮ ಮನೆಗೆ ಬಂದರು. ಅಪ್ಪ ಕನ್ನಡ ಮೇಷ್ಟ್ರು. 'ಪೊಲೀಸರು ಮೂಕಪ್ರೇಕ್ಷಕರಾಗಿದ್ದರು' ಅಂತ ಬರೆದು ಓದಿ ಹೇಳಿದರು. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರೇಕ್ಷಕ ಅಂದ್ರೆ ಸಿನಿಮಾ ನೋಡೋನಲ್ವಾ ಮೇಷ್ಟ್ರೇ? ಇವರು ನೋಡೋಕೆ ಬಂದೋರಲ್ಲ, ಕಾಯೋಕೆ ಬಂದೋರು. ಕಾಯಲಿಲ್ಲ ಅಂತ ಬರೀರಿ" ಅಂದರು. ಅಪ್ಪ ಆ ಹಾಳೆ ಹರಿದು ಬೇರೆ ಹಾಳೆ ತಗೊಂಡರು. ಪ್ರೇಕ್ಷಕನಿಗೆ ಯಾವ ಕರ್ತವ್ಯವೂ ಇಲ್ಲ. ಅದೇ ಆ ಪದದ ತಪ್ಪು. ಮಾತು ಬಾರದವರನ್ನು ಅದರೊಳಗೆ ಎಳೆದು ತರುವುದೂ ಸರಿಯಲ್ಲ.

'ಕರ್ತವ್ಯಲೋಪ' ಇದೆ, ಸರಕಾರಿ ಕಾಗದಗಳಲ್ಲಿ ಓಡಾಡುವುದು ಅದೇ. ಆದರೆ ಅರ್ಧ ಗಂಟೆ ತಡವಾಗಿ ಬಂದ ಗುಮಾಸ್ತನದ್ದೂ ಕರ್ತವ್ಯಲೋಪ, ಮನೆಗಳು ಉರಿಯುವಾಗ ಫೋನ್ ಎತ್ತದ ಅಧಿಕಾರಿಯದ್ದೂ ಕರ್ತವ್ಯಲೋಪ! 2011ರ ಕೋಮು ಹಿಂಸೆ ತಡೆ ಮಸೂದೆಯ ಕರಡು ಈ ಎರಡನೆಯದನ್ನು ಅಪರಾಧವೆಂದೇ ಎಣಿಸಿತ್ತು, ಮೇಲಧಿಕಾರಿಯನ್ನೂ ಹೊಣೆ ಮಾಡಿತ್ತು. 2014ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗದೆ ನಿಂತುಹೋಯಿತು. ಗುಂಪು ಹತ್ಯೆ ಬಗ್ಗೆ ಸುಪ್ರೀಂ ಕೋರ್ಟ್ 2018ರ ಜುಲೈನಲ್ಲಿ ಕೊಟ್ಟ ತೀರ್ಪು, ತಡೆಯಲು ಹೇಳಿದ್ದನ್ನು ಮಾಡದ ಅಧಿಕಾರಿಯದ್ದು ಬೇಕೆಂದೇ ಮಾಡಿದ ನಿರ್ಲಕ್ಷ್ಯ ಎಂದಿತು. ಇಲಾಖಾ ಕ್ರಮ ಆರು ತಿಂಗಳೊಳಗೆ ಮುಗಿಯಬೇಕು ಎಂದೂ ಹೇಳಿತು. 'ಬೇಕೆಂದೇ' ಅನ್ನುವುದನ್ನು ಒಳಗೇ ಇಟ್ಟುಕೊಂಡ ಒಂದು ಪದ ನನಗೆ ಬೇಕು.

'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಅನ್ನೋಣವೇ? ಅದು ಹಾಶಿಂಪುರಕ್ಕೆ ಸರಿ. 1987ರ ಮೇ 22ರಂದು ಮೀರಠ್‌ನ ಆ ಬಡಾವಣೆಯಿಂದ ಪಿಎಸಿ ಅನ್ನುವ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯವರೇ ಸುಮಾರು 40 ಮುಸ್ಲಿಂ ಗಂಡಸರನ್ನು ಲಾರಿಯಲ್ಲಿ ಒಯ್ದು, ಗುಂಡಿಟ್ಟು ನೀರಿಗೆ ಎಸೆದರು. ಶಿಕ್ಷೆಯಾಗಿದ್ದು 2018ರಲ್ಲಿ, 16 ಮಂದಿಗೆ. ಅಲ್ಲಿ ಬೇಲಿ ಮೇಯ್ದಿತು. ನನ್ನ ವಾಕ್ಯದಲ್ಲಿ ಬೇಲಿ ಮೇಯ್ದಿಲ್ಲ. ದನ ನುಗ್ಗುವಾಗ ಜಾಗ ಬಿಟ್ಟು ನಿಂತಿದೆ.

ಸದ್ಯಕ್ಕೆ ತೀರಾ ಹತ್ತಿರ ಅನಿಸಿರುವುದು 'ಜಾಣಕುರುಡು'. ಕಾಣುತ್ತದೆ, ಆದರೆ ಕಾಣುವುದಿಲ್ಲ ಅಂತ ನಟಿಸುವುದು. 'ಬೇಕೆಂದೇ' ಅದರಲ್ಲಿದೆ. ಆದರೆ ಕಾವಲಿನ ಮಾತಿಲ್ಲ, ಯಾರು ಬೇಕಾದರೂ ಜಾಣಕುರುಡಾಗಬಹುದು. ಹಾಗಾಗಿ 'ಹೊಣೆಗೇಡಿತನ', 'ನಾಚಿಕೆಗೇಡಿತನ' ಇರುವ ಹಾಗೆ 'ಕಾವಲುಗೇಡಿತನ' ಅಂದರೆ ಹೇಗೆ? 'ಕಾವಲುಗೇಡಿ ಅಧಿಕಾರಿ'. ನನ್ನ ಕಿವಿಗೆ ಒಗ್ಗಿದೆ. ನಿಮಗೆ?

ಎರಡನೇ ಪ್ರಶ್ನೆ ಚಿಕ್ಕದು. ಬೆಸ್ಟ್ ಬೇಕರಿ ಆರೋಪಿಗಳ ಬಿಡುಗಡೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಇತ್ತು. ಕಾವಲಿನವರು ಕಾವಲಿನ ಕೆಲಸ ಮಾಡಿದ ದಿನ ಅದು. 2023 ಮತ್ತು 2024ರಲ್ಲಿ ಅದೇ ಆಯೋಗಕ್ಕೆ ಮಾನ್ಯತೆ ಮುಂದುವರಿಸುವುದನ್ನು ಇಂಥ ಆಯೋಗಗಳ ಜಾಗತಿಕ ಒಕ್ಕೂಟ ತಡೆಹಿಡಿಯಿತು. ತನಿಖೆಗೆ ಪೊಲೀಸರನ್ನೇ ಬಳಸುವುದು, ಸದಸ್ಯರಲ್ಲಿ ಎಲ್ಲ ಸಮುದಾಯದವರೂ ಇಲ್ಲದಿರುವುದು ಅದರ ಆಕ್ಷೇಪಗಳಲ್ಲಿ ಸೇರಿದ್ದವು. ಕಾವಲಿನವರನ್ನೇ ಕೇಳುವ ಈ ಕೆಲಸಕ್ಕೆ ಎಲ್ಲರೂ 'ಉತ್ತರದಾಯಿತ್ವ' ಅನ್ನುತ್ತಾರೆ. ಬಾಯಿಗೆ ಒಗ್ಗದ ಪದ. 'ಜವಾಬ್ದಾರಿ'ಯಲ್ಲೂ ಜವಾಬು ಇದೆ, ಆದರೆ ಈಗ ಅದು ಮನೆ ಜವಾಬ್ದಾರಿ, ಮಕ್ಕಳ ಜವಾಬ್ದಾರಿಯಾಗಿ, ಜವಾಬು ಕೊಡುವ ಅರ್ಥ ಸವೆದುಹೋಗಿದೆ. ನನ್ನ ಒಲವು 'ಹೊಣೆ' ಕಡೆಗೆ. ಹಳಗನ್ನಡದ 'ಪೊಣೆ' ಅಂದರೆ ಜಾಮೀನು. ಸಾಲಗಾರ ತಪ್ಪಿಸಿಕೊಂಡರೆ ಹೊಣೆ ನಿಂತವನೇ ತೆರಬೇಕು. ಆಯೋಗ 'ಹೊಣೆ ನಿಲ್ಲಬೇಕು' ಅಂತ ಬರೆದರೆ ಈ ಅರ್ಥ ಇಂದಿನ ಓದುಗರಿಗೆ ತಲುಪುತ್ತದೆಯೇ?

ಕೊನೆಗೆ ಇನ್ನೊಂದು. ಹೊಲ, ತೋಟ, ಕಣದ ಕಾವಲಿಗೆ ನಿಂತವನು ಕಳ್ಳನನ್ನು ಕಂಡೂ ಸುಮ್ಮನಿದ್ದರೆ ನಿಮ್ಮ ಕಡೆ ಏನಂತಾರೆ? ಬಯಲುಸೀಮೆ, ಮಲೆನಾಡು, ಕರಾವಳಿ, ಯಾವ ಕಡೆಯದಾದರೂ ಸರಿ. ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅವರು ಬಳಸುವ ಪದ ಬೈಗುಳವಾಗಿದ್ದರೂ ಪರವಾಗಿಲ್ಲ.