ಹೊಳೆಗೆ ಸಾಕಿದ ಮೀನುಮರಿ ಬಿಡುವುದು ಸರಿನಾ?

ಪ್ರಶ್ನೆ (ಹಾವೇರಿ): ತುಂಗಭದ್ರೆಗೆ ಕಾಟ್ಲಾ, ರೋಹು ಮರಿ ಬಿಟ್ಟರೆ ಗಾಳ ಹಾಕುವವರಿಗೆ ಖುಷಿ, ಆದರೆ ಹೊಳೆಯದೇ ಮೀನುಗಳ ಗತಿ ಏನು? ಅಮೆರಿಕದಲ್ಲಿ ಸಾಲ್ಮನ್, ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಹೊಳೆಗೆ ವಾಪಸ್ ಬರುವ ಟ್ರೌಟ್ ಮೀನು) ಮರಿಗಳಿಗೆ ಏನು ಮಾಡುತ್ತಾರೆ?

ಉತ್ತರ (ಧಾರವಾಡ): ಸಾಕಿದ ಮರಿಗಳ ಬೆನ್ನ ಮೇಲೆ, ಬಾಲದ ಹತ್ತಿರ ಇರುವ ಚಿಕ್ಕ ರೆಕ್ಕೆ ಕತ್ತರಿಸಿ ಬಿಡುತ್ತಾರೆ. ರೆಕ್ಕೆ ಇಲ್ಲದ್ದು ಸಿಕ್ಕರೆ ಒಯ್ಯಬಹುದು, ಇದ್ದರೆ ಅದು ಕಾಡುಮೀನು (ನದಿಯಲ್ಲೇ ಹುಟ್ಟಿ ಬೆಳೆದದ್ದು), ಬಹಳಷ್ಟು ನದಿಗಳಲ್ಲಿ ವಾಪಸ್ ನೀರಿಗೇ ಬಿಡಬೇಕು. ಅಷ್ಟಕ್ಕೇ ಮುಗಿಯಲ್ಲ. ಒರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್ ಮೇಲಿನ 2007ರ ಅಧ್ಯಯನದಲ್ಲಿ, ಸಾಕಿದ ಒಂದೊಂದು ತಲೆಮಾರಿಗೂ ಸಂತಾನಶಕ್ತಿ ಸುಮಾರು 40% ಇಳಿದಿತ್ತು. ಇವು ಕಾಡುಮೀನಿನ ಜೊತೆ ಬೆರೆತರೆ ಕಷ್ಟ ಅಲ್ವಾ?

ಉತ್ತರ (ಗದಗ): ಕಾಟ್ಲಾ, ರೋಹು ಮೂಲದಲ್ಲಿ ಗಂಗೆಯ ಕಡೆಯವು. ಕೆರೆಗೆ ಬಿಡಲಿ, ಹೊಳೆಗೆ ಸುಮ್ನೆ ಯಾಕೆ? ಮೊದಲು ಮಳೆಗಾಲದಲ್ಲಿ ಮೊಟ್ಟೆ ಇಡುವಾಗ ಬಲೆ ನಿಲ್ಲಲಿ.

ಪ್ರಶ್ನೆ ಕೇಳಿದವರು: ಬಲೆ ನಿಲ್ಲಿಸಿದರೆ ಮೀನುಗಾರರ ಹೊಟ್ಟೆಪಾಡು?

ಗದಗ: ಆ ತಿಂಗಳುಗಳಿಗೆ ಪರಿಹಾರ ಕೊಡಬೇಕು. ಪುಕ್ಕಟೆ ಉಪದೇಶ ಯಾರೂ ಕೇಳಲ್ಲ.