ಅಪ್‌ಡೇಟ್: ಅಲಾಸ್ಕಾ ಕ್ರೂಸ್‌ಗೆ ಡ್ರೋನ್ ಒಯ್ದು ಬಂದೆ

ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಕ್ರೂಸ್‌ಗೆ ಡ್ರೋನ್ ಒಯ್ಯಬಹುದಾ, ಬಂದರುಗಳಲ್ಲಿ ಫೋಟೋ ತೆಗೆಯಬಹುದಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು. ಡ್ರೋನೂ ಕ್ಷೇಮ.

ಹಡಗು ಹತ್ತುವಾಗಲೇ ಸೆಕ್ಯೂರಿಟಿಯವರು ಅದನ್ನು ತೆಗೆದಿಟ್ಟುಕೊಂಡು ಹಳದಿ ಚೀಟಿ ಕೊಟ್ಟರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತಗೊಂಡ ಹಾಗೆ! ಪ್ರತಿ ಬಂದರಿನಲ್ಲೂ ಚೀಟಿ ತೋರಿಸಿ ಪಡೆಯಬೇಕು, ವಾಪಸ್ ಬಂದಾಗ ಒಪ್ಪಿಸಬೇಕು. ಜೂನೋದಲ್ಲಿ ಇದಕ್ಕೇ ನಲವತ್ತು ನಿಮಿಷ ಹೋಯಿತು. ಹಡಗಿನ ಮೇಲಿಂದ ಹಾರಿಸುವ ಮಾತೇ ಇಲ್ಲ.

ನೆಲದ ಮೇಲೂ ಜಾಗ ಸಿಗುವುದು ಕಷ್ಟ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ, ಅಲ್ಲಿ ಡ್ರೋನ್ ನಿಷೇಧ. ಸ್ಕ್ಯಾಗ್ವೇಯ ಹಳೇ ಪೇಟೆಯೂ ರಾಷ್ಟ್ರೀಯ ಐತಿಹಾಸಿಕ ಉದ್ಯಾನದೊಳಗೇ ಬರುತ್ತದೆ. ಕೆಚಿಕಾನ್ ಬಂದರಿನಲ್ಲಿ ಸೀಪ್ಲೇನ್‌ಗಳ (ನೀರಿನ ಮೇಲೆ ಇಳಿಯುವ ವಿಮಾನಗಳು) ಓಡಾಟ ನೋಡಿ ನಾನೇ ಬ್ಯಾಗ್ ತೆರೆಯಲಿಲ್ಲ.

ಕೊನೆಗೆ ಜೂನೋ ಎದುರಿನ ಡಗ್ಲಾಸ್ ದ್ವೀಪದಲ್ಲಿ, ಆ್ಯಪ್‌ನಲ್ಲಿ ಅನುಮತಿ ನೋಡಿಕೊಂಡು, ಹನ್ನೊಂದು ನಿಮಿಷ ಹಾರಿಸಿದೆ. ಬಿಳಿತಲೆಯ ಹದ್ದೊಂದು ಸುತ್ತು ಹಾಕಲು ಶುರು ಮಾಡಿತು. ಕೈ ನಡುಗಿ ಇಳಿಸಿಬಿಟ್ಟೆ. ಸಿಕ್ಕಿದ್ದು ನಾಲ್ಕೇ ಒಳ್ಳೆಯ ಫೋಟೋ.

ನನ್ನದು 250 ಗ್ರಾಂಗಿಂತ ಕಡಿಮೆ ತೂಕದ್ದು, ಹವ್ಯಾಸಕ್ಕೆ ಹಾರಿಸಲು ಎಫ್‌ಎಎ (ಅಮೆರಿಕದ ವಿಮಾನಯಾನ ಪ್ರಾಧಿಕಾರ) ನೋಂದಣಿ ಬೇಕಾಗಲಿಲ್ಲ. ಆದರೆ ಟ್ರಸ್ಟ್ ಅನ್ನೋ ಡ್ರೋನ್ ಸುರಕ್ಷತೆಯ ಆನ್‌ಲೈನ್ ಪರೀಕ್ಷೆ ಮಾಡಲೇಬೇಕು. ಪುಕ್ಕಟೆ. ದೊಡ್ಡ ಬ್ಯಾಟರಿ ಹಾಕಿದರೆ ತೂಕ ಗಡಿ ದಾಟುತ್ತೆ, ಅದನ್ನು ಮನೆಯಲ್ಲೇ ಬಿಡಿ.