ಗೇಟಿನ ಪೇಂಟ್ ಹಾರಿ ಕಾರಿನ ಮೇಲೆ ಕೂತಿದೆ, ಥಿನ್ನರ್ ಹಚ್ಚಬಹುದಾ?

ಪ್ರಶ್ನೆ: ಪಕ್ಕದಲ್ಲಿ ಕಬ್ಬಿಣದ ಗೇಟಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಿದ್ದರು. ಗಾಳಿಗೆ ಹಾರಿ ನನ್ನ ಬಿಳಿ ಕಾರಿನ ಮೇಲೆಲ್ಲ ಕೂತಿದೆ. ಬಾನೆಟ್ ಸವರಿದರೆ ತರಿತರಿ. ಶಾಂಪೂ ಹಾಕಿ ತೊಳೆದರೂ ಹೋಗಲಿಲ್ಲ. ಥಿನ್ನರಿನಲ್ಲಿ ಒರೆಸಿ ಅಂತಾರೆ. ಒರೆಸಬಹುದಾ ಸಾರ್?

ಉತ್ತರ: ದಯವಿಟ್ಟು ಬೇಡ. ಕಂಪನಿಯಲ್ಲಿ ಬಿಸಿ ಕೊಟ್ಟು ಒಣಗಿಸಿದ ಪೇಂಟ್ ಥಿನ್ನರನ್ನು ಸ್ವಲ್ಪ ತಡೆಯುತ್ತದೆ. ಆದರೆ ಆಮೇಲೆ ಪೇಂಟ್ ಮಾಡಿಸಿದ ಬಾಗಿಲೋ ಬಂಪರೋ ಇದ್ದರೆ ಅದು ಮಂಕಾಗುತ್ತದೆ, ಮೆತ್ತಗಾಗಿ ಬಟ್ಟೆಗೇ ಎದ್ದು ಬರಬಹುದು. ಹೆಡ್‌ಲೈಟ್ ಮೇಲೆ ಬಿದ್ದರೆ ಬಿರುಕು ಬಿಡಬಹುದು.

ಗಾಬರಿ ಬೇಡ. ಹಾರಿ ಬರುವ ಪೇಂಟಿನ ಹನಿ ದಾರಿಯಲ್ಲೇ ಅರ್ಧ ಒಣಗಿರುತ್ತದೆ. ಒಳಗೆ ಇಳಿದಿರುವುದಿಲ್ಲ, ಮೇಲೆ ಅಂಟಿಕೊಂಡಿರುತ್ತದೆ ಅಷ್ಟೇ. ಕರಗಿಸುವುದೂ ಬೇಡ, ಉಜ್ಜಿ ಸವೆಸುವುದೂ ಬೇಡ, ಎಳೆದು ಕೀಳಬೇಕು. ಅದಕ್ಕಿರುವುದೇ ಕ್ಲೇ ಬಾರ್, ಅಂದರೆ ಪೇಂಟಿಗೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ತುಂಡು. ಮೊದಲು ನಯವಾದ ಕ್ಲೇ ತಗೊಳ್ಳಿ.

ಕಾರನ್ನು ಚೆನ್ನಾಗಿ ತೊಳೆದು ನೆರಳಲ್ಲಿ ನಿಲ್ಲಿಸಿ. ಬಾಡಿ ತಣ್ಣಗಿರಬೇಕು. ಎರಡು ಅಡಿ ಅಗಲದಷ್ಟು ಜಾಗಕ್ಕೆ ಕ್ಲೇ ಲೂಬ್ರಿಕೆಂಟ್ (ಕ್ಲೇ ಜಾರಲು ಹಾಕುವ ದ್ರವ) ಧಾರಾಳವಾಗಿ ಸಿಂಪಡಿಸಿ. ಕ್ಲೇಯನ್ನು ಚಪ್ಪಟೆ ಮಾಡಿ, ಸುಮ್ನೆ ಬೆರಳಿಟ್ಟಷ್ಟೇ ಭಾರದಲ್ಲಿ ನೇರ ಗೆರೆಯಲ್ಲಿ ಆಡಿಸಿ. ಮೊದಲು ತಡೆದು ತಡೆದು ಹೋಗುತ್ತದೆ, ಆಮೇಲೆ ಸಲೀಸಾಗಿ ಜಾರುತ್ತದೆ. ಜಾರಿದರೆ ಅಲ್ಲಿಯದು ಮುಗಿಯಿತು. ಕೊಳೆಯಾದ ಮುಖವನ್ನು ಮಡಚಿ ಒಳಗೆ ಹಾಕಿ. ಕ್ಲೇ ನೆಲಕ್ಕೆ ಬಿತ್ತಾ? ಎಸೆದುಬಿಡಿ. ಅದಕ್ಕೆ ಅಂಟಿದ ಒಂದು ಮರಳಿನ ಕಾಳು ಬಾನೆಟ್ ತುಂಬ ಗೀರು ಎಳೆಯುತ್ತದೆ.

ಪೂರ್ತಿ ಹೋಗಿದೆಯಾ ಅಂತ ನೋಡಲು ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳು ಹಾಕಿ ಸವರಿ. ಬರಿಗೈಗೆ ಗೊತ್ತಾಗದ ತರಿಯೂ ಸಿಗುತ್ತದೆ. ಕೊನೆಗೆ ವ್ಯಾಕ್ಸ್ ಹಚ್ಚಲೇಬೇಕು, ಇದ್ದ ವ್ಯಾಕ್ಸನ್ನು ಕ್ಲೇ ಎತ್ತಿಬಿಟ್ಟಿರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಕಾಂಪೌಂಡ್ (ಉಜ್ಜಿ ಸವೆಸುವ ಪೇಸ್ಟ್) ಹಾಕಿ ಪಾಲಿಶ್ ಮಷೀನ್ ಹೊಡೆಸಿದರೆ ಬೇಗ ಆಗುತ್ತದೆ ಅಲ್ವಾ?

ಉತ್ತರ: ಬೇಗ ಆಗುತ್ತದೆ, ನಿಜ. ಆದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40-50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಮಷೀನ್ ಅಂಟಿದ ಪೇಂಟಿನ ಜೊತೆ ಅದನ್ನೂ ತಿನ್ನುತ್ತದೆ. ಕಿತ್ತು ಬಂದ ಪೇಂಟ್ ಕಣ ಪ್ಯಾಡಿಗೆ ಸಿಕ್ಕಿ ಗೀರನ್ನೂ ಬೀಳಿಸುತ್ತದೆ. ಮೊದಲು ಕ್ಲೇ. ಅದರಿಂದ ಸಣ್ಣ ಗುರುತು ಉಳಿದರೆ ತೆಳು ಪಾಲಿಶ್ ಸಾಕು. ಕಪ್ಪು ಕಾರಿನಲ್ಲಿ ಈ ಗುರುತು ಜಾಸ್ತಿ ಕಾಣುತ್ತದೆ, ನಿಮ್ಮದು ಬಿಳಿ.

ಪ್ರಶ್ನೆ: ಗಾಜು, ಕಪ್ಪು ಪ್ಲಾಸ್ಟಿಕ್ ಮೇಲೂ ಇದೆ.

ಉತ್ತರ: ಗಾಜಿಗೂ ಕ್ಲೇ ನಡೆಯುತ್ತದೆ. ಬಿಡದಿದ್ದರೆ ಸೋಪಿನ ನೀರು ಹಾಕಿ, ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿ. ಫಿಲ್ಮ್ ಅಂಟಿಸಿದ ಕಡೆ, ಹೆಡ್‌ಲೈಟ್ ಮೇಲೆ ಬ್ಲೇಡ್ ಬೇಡವೇ ಬೇಡ. ತರಿ ಇರುವ ಕಪ್ಪು ಪ್ಲಾಸ್ಟಿಕ್‌ಗೆ ಕ್ಲೇ ಹಾಕಬೇಡಿ, ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಟಾರ್ ರಿಮೂವರನ್ನು (ಡಾಂಬರಿನ ಕಲೆ ತೆಗೆಯುವ ದ್ರವ) ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಕೆಡದಿದ್ದರೆ ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕಿ.

ಪ್ರಶ್ನೆ: ನನ್ನದು ಮ್ಯಾಟ್ ಫಿನಿಶ್ ಬೈಕ್. ಅದಕ್ಕೂ ಹೀಗೇನಾ?

ಉತ್ತರ: ಇಲ್ಲ. ಕ್ಲೇ, ಪಾಲಿಶ್ ಎರಡೂ ಮ್ಯಾಟ್ ಮೇಲೆ ಹೊಳಪಿನ ಕಲೆ ಬಿಡುತ್ತವೆ, ಅದನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ. ಏನೂ ಹಚ್ಚದೆ, ಮ್ಯಾಟ್ ಕೆಲಸ ಗೊತ್ತಿರುವವರ ಹತ್ತಿರ ತೋರಿಸಿ.